ಹಳೇ ನೀರಿನ ಪೈಪು: ತೇಪೆ ಹಾಕೋದೋ, ಬದಲಿಸೋದೋ?



ಉಡುವ ಸೀರೆ ಹರಿದರೆ ನಾವೇನು ಮಾಡುತ್ತೇವೆ? ಮೊದಲ ಸಲ ಹೊಲಿಗೆ ಹಾಕುತ್ತೇವೆ. ಇನ್ನೊಂದು ಕಡೆ ಹರಿದರೆ ಅಲ್ಲೂ ಹೊಲಿಯುತ್ತೇವೆ. ಆದರೆ ಬಟ್ಟೆಯೇ ಜೀರ್ಣವಾಗಿ, ಸೂಜಿ ಚುಚ್ಚಿದಲ್ಲೇ ಬಿರಿಯಲು ಶುರುವಾದರೆ, "ಇನ್ನು ಇದು ಸಾಕು, ಒರೆಸೋ ಬಟ್ಟೆಗೆ ಆಯ್ತು" ಅನ್ನುತ್ತೇವೆ. ಸೀರೆಗೆ ಎಷ್ಟು ವರ್ಷವಾಯಿತು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಬಟ್ಟೆಯ ಸ್ಥಿತಿ ನೋಡಿ ತೀರ್ಮಾನ ಮಾಡುತ್ತೇವೆ. ಊರಿನ ಕುಡಿಯುವ ನೀರಿನ ಪೈಪಿಗೂ ಇದೇ ಮಾತು ಹೊಂದುತ್ತದೆ. ಈ ತಿಂಗಳ ಪಾಠ ಅದರ ಬಗ್ಗೆ.

"ಪೈಪು ರಿಪೇರಿ ಪಂಚಾಯ್ತಿ ಕೆಲಸ, ನಮಗ್ಯಾಕೆ ಸಿಸ್ಟರ್?" ಅಂತ ಕೆಲವರು ಕೇಳಬಹುದು. ಕೆಲಸ ಪಂಚಾಯ್ತಿಯದೇ, ನಿಜ. ಆದರೆ ಪೈಪು ಒಡೆದ ದಿನ ಕೊಡ ಹಿಡಿದು ದೂರದ ಬೋರ್‌ವೆಲ್‌ಗೆ ಹೋಗುವವರು ಯಾರು? ಮಗುವಿಗೆ ವಾಂತಿ-ಭೇದಿ ಆದಾಗ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂರುವವರು ಯಾರು? ಹಾಗಾಗಿ ಪೈಪಿನ ಲೆಕ್ಕ ನಮಗೂ ಗೊತ್ತಿರಬೇಕು.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಊರಿನಲ್ಲಿ ಮಳೆಗಾಲ ಬಂತೆಂದರೆ ಕೆಳಗಿನ ಬೀದಿಯಲ್ಲಿ ವಾಂತಿ-ಭೇದಿ ಬರುತ್ತಿತ್ತು. ಸಂಘದ ಹೆಂಗಸರನ್ನು ಕರೆದುಕೊಂಡು ನಾನೇ ಗ್ರಾಮ ಸಭೆಗೆ ಹೋದೆ. "ಪೈಪು ಹಳೇದಾಗಿದೆ, ಬದಲಾಯಿಸಿ" ಅಂತ ಜೋರಾಗಿಯೇ ಕೇಳಿದೆವು. ಇಂಜಿನಿಯರು ತಾಳ್ಮೆಯಿಂದ ಒಂದೇ ಪ್ರಶ್ನೆ ಕೇಳಿದರು: "ಯಾವ ತುಂಡು ಒಡೀತಾ ಇದೆ? ವರ್ಷಕ್ಕೆ ಎಷ್ಟು ಸಲ?" ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ ನನ್ನ ಹತ್ತಿರವೂ ಇರಲಿಲ್ಲ.

ಇದ್ದ ಹಣದಲ್ಲಿ ಒಂದು ಬೀದಿಯ ಪೈಪು ಮಾತ್ರ ಬದಲಿಸಬಹುದಿತ್ತು. ಎಲ್ಲಕ್ಕಿಂತ ಹಳೆಯ ಪೈಪು ಮೇಲಿನ ಬೀದಿಯಲ್ಲಿತ್ತು. ಅದನ್ನೇ ಬದಲಿಸಿದರು. ನಾವೂ ಚಪ್ಪಾಳೆ ತಟ್ಟಿದೆವು. ಮುಂದಿನ ಮಳೆಗಾಲದಲ್ಲಿ ಕೆಳಗಿನ ಬೀದಿಯಲ್ಲಿ ಮತ್ತೆ ಕಾಯಿಲೆ ಬಂತು. ಮೂರು ವರ್ಷದ ಒಂದು ಮಗು ಎಂಟು ದಿನ ಜಿಲ್ಲಾ ಆಸ್ಪತ್ರೆಯಲ್ಲಿತ್ತು. ಮಗು ಉಳಿಯಿತು. ಆದರೆ ತಾಯಿಯ ಓಲೆ ಗಿರವಿಗೆ ಹೋಯಿತು.

ಆಮೇಲೆ ಅಗೆದು ನೋಡಿದರೆ, ಕೆಳಗಿನ ಬೀದಿಯ ದೊಡ್ಡ ಪೈಪು ಗಟ್ಟಿಯಾಗಿಯೇ ಇತ್ತು. ಅದರಿಂದ ಮನೆಗಳಿಗೆ ಹೋಗುವ ಅರ್ಧ ಇಂಚಿನ ಪೈಪುಗಳು ಚರಂಡಿಯ ಒಳಗೇ ಹಾದು ಹೋಗಿದ್ದವು. ನಾಲ್ಕು ಕಡೆ ಒಡೆದಿದ್ದವು. ಯಾರೋ ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದರು. ಆ ಬೀದಿಯ ಹಿರಿಯ ಅಜ್ಜಿಯೊಬ್ಬರು ನನಗೆ ಮೊದಲೇ ಹೇಳಿದ್ದರು: "ನೀರು ನಿಂತ ಕೂಡ್ಲೇ ನಲ್ಲಿ ಬಾಯಿ ಒಳಕ್ಕೆ ಎಳ್ಕೊಳ್ತದೆ ಸಿಸ್ಟರ್, ಕೈ ಇಟ್ರೆ ಗೊತ್ತಾಗ್ತದೆ." ನಾನು ಆ ಮಾತಿಗೆ ಗಮನ ಕೊಡಲಿಲ್ಲ. ಇಡೀ ಸಮಸ್ಯೆಯ ಗುಟ್ಟು ಅದರಲ್ಲೇ ಇತ್ತು.

ನಲ್ಲಿ ಯಾಕೆ ಒಳಕ್ಕೆ ಎಳೆಯುತ್ತದೆ?

ನಮ್ಮ ಹೆಚ್ಚಿನ ಊರುಗಳಲ್ಲಿ ನೀರು ದಿನವಿಡೀ ಬರುವುದಿಲ್ಲ. ಒಂದೆರಡು ಗಂಟೆ ಬಿಡುತ್ತಾರೆ, ಆಮೇಲೆ ವಾಲ್ವ್ ಮುಚ್ಚುತ್ತಾರೆ. ನೀರು ಒತ್ತಡದಲ್ಲಿ ಹರಿಯುವಾಗ ತೂತಿನಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ಆಗ ನಮಗೆ ಕಾಣುವುದು ನಷ್ಟ ಮಾತ್ರ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಇಳಿಯುತ್ತದೆ. ಹಿಂದೆ ಜಾಗ ಖಾಲಿಯಾಗುತ್ತದೆ. ಆಗ ಅದೇ ತೂತು ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಹೊರಗೆ ಗಾಳಿ ಇದ್ದರೆ ಗಾಳಿ ಬರುತ್ತದೆ, ಚರಂಡಿ ನೀರಿದ್ದರೆ ಅದೇ ಬರುತ್ತದೆ. ಮಾರನೇ ದಿನ ನಲ್ಲಿ ಬಿಟ್ಟಾಗ ಮೊದಲ ಕೊಡದಲ್ಲಿ ಬರುವ ಕಂದು ನೀರು, ವಾಸನೆ, ಹೀಗೆ ಒಳಗೆ ಹೋದದ್ದು.

ಮನೆಯ ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚಿ ನೀರೆಳೆಯುವವರು ಈ ಹೀರುವಿಕೆಯನ್ನು ಇನ್ನೂ ಹೆಚ್ಚು ಮಾಡುತ್ತಾರೆ. ಪಕ್ಕದ ಮನೆಗೆ ನೀರು ಕಡಿಮೆ ಆಗುವುದು ಒಂದು ಕಡೆ, ಚರಂಡಿಯ ಹೊಲಸು ಪೈಪಿಗೆ ಬರುವುದು ಇನ್ನೊಂದು ಕಡೆ.

ಇದು ಸಣ್ಣ ವಿಷಯ ಅಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ನೀರು ಕೆಡಲು ಕಾರಣ ಒಂದೊಂದು ಊರಿನಲ್ಲಿ ಒಂದೊಂದು ಇರಬಹುದು. ಆದರೆ ನಲ್ಲಿಯಲ್ಲಿ ಬಂದ ಮಾತ್ರಕ್ಕೆ ನೀರು ಶುದ್ಧ ಎಂದು ನಂಬಬಾರದು ಅನ್ನುವುದನ್ನು ಇವು ನಮಗೆ ಕಲಿಸಿವೆ.

ವಯಸ್ಸು ಒಂದೇ ಸಾಲದು

ಇಂಜಿನಿಯರುಗಳು ಸಾಮಾನ್ಯವಾಗಿ 30 ವರ್ಷದ ಲೆಕ್ಕ ಹಾಕಿ ಪೈಪ್‌ಲೈನ್ ಯೋಜನೆ ಮಾಡುತ್ತಾರೆ. ಹಾಗಂತ 30 ತುಂಬಿದ ದಿನವೇ ಪೈಪು ಸಾಯುವುದಿಲ್ಲ. ದೊಡ್ಡ ನಗರಗಳಲ್ಲಿ 100 ವರ್ಷ ದಾಟಿದ ಬೀಡು ಕಬ್ಬಿಣದ ಪೈಪುಗಳು ಇನ್ನೂ ನೀರು ಕೊಡುತ್ತಿವೆ. ಸರಿಯಾಗಿ ಹೂಳದ ಪಿವಿಸಿ ಪೈಪು ಐದೇ ವರ್ಷಕ್ಕೆ ಒಡೆಯುವುದನ್ನೂ ನೋಡಿದ್ದೇವೆ. ಪೈಪು ಯಾವುದು, ಹೇಗೆ ಹೂತಿದ್ದಾರೆ, ಎಲ್ಲಿ ಹಾದುಹೋಗಿದೆ ಅನ್ನುವುದು ವಯಸ್ಸಿಗಿಂತ ಮುಖ್ಯ.

ಜಿಐ ಪೈಪು (ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟದ್ದು): ಒಳಗೆ ತುಕ್ಕು ಗಂಟುಗಟ್ಟಿ ದಾರಿ ಕಿರಿದಾಗುತ್ತದೆ. ನೀರು ಸಣ್ಣಗೆ ಬರುತ್ತದೆ. ಆಮೇಲೆ ಸೂಜಿ ತೂತುಗಳು ಬೀಳುತ್ತವೆ. ಒಂದು ಕಡೆ ಬಿದ್ದರೆ ಅಕ್ಕಪಕ್ಕದಲ್ಲೂ ಬೀಳುತ್ತವೆ. ಇದಕ್ಕೆ ತೇಪೆ ಹೆಚ್ಚು ದಿನ ನಿಲ್ಲದು.

ಪಿವಿಸಿ ಪೈಪು: ತುಕ್ಕು ಹಿಡಿಯುವುದಿಲ್ಲ. ಆದರೆ ಬಿಸಿಲು ಇದರ ಶತ್ರು. ಮಣ್ಣಿನ ಮೇಲೆ ಬಿದ್ದಿರುವ ಪೈಪು ಬಣ್ಣಗೆಟ್ಟು ಹಪ್ಪಳದ ಹಾಗೆ ಮುರಿಯುತ್ತದೆ. ಆಳವಿಲ್ಲದೆ ಹೂತರೆ ಟ್ರಾಕ್ಟರ್ ಭಾರಕ್ಕೆ ಒಡೆಯುತ್ತದೆ.

ಎಚ್‌ಡಿಪಿಇ ಪೈಪು (ಕಪ್ಪು ಬಣ್ಣದ್ದು): ಬಾಗುತ್ತದೆ, ಸುಲಭವಾಗಿ ಒಡೆಯುವುದಿಲ್ಲ. ಬಿಸಿ ಮಾಡಿ ಬೆಸೆಯುವ ಜೋಡಣೆ ಸರಿಯಾಗಿರಬೇಕು.

ಎಸಿ ಪೈಪು (ಕಲ್ನಾರು ಸೇರಿದ ಸಿಮೆಂಟ್ ಪೈಪು): ಹಳೇ ಊರುಗಳಲ್ಲಿ ಇನ್ನೂ ಇದೆ. ಒಣಗಿದ್ದಾಗ ಮೆಷಿನ್ ಹಚ್ಚಿ ಕೊಯ್ಯಬಾರದು. ಆ ಧೂಳು ಶ್ವಾಸಕೋಶಕ್ಕೆ ಅಪಾಯ. ಮಕ್ಕಳನ್ನು ದೂರವಿಡಿ.

ಒಡೆದ ತುಂಡು ಕಥೆ ಹೇಳುತ್ತದೆ

ರಿಪೇರಿ ಮಾಡಿದಾಗ ತೆಗೆದ ತುಂಡನ್ನು ಎಸೆಯಲು ಬಿಡಬೇಡಿ. ವಾಟರ್‌ಮ್ಯಾನ್ ಅಣ್ಣನಿಗೆ ಹೇಳಿ ತೆಗೆದಿಟ್ಟುಕೊಳ್ಳಿ.

ಜೋಡಣೆ ಬಿಟ್ಟುಕೊಂಡಿದ್ದರೆ ತಪ್ಪು ಜೋಡಣೆಯದು, ಪೈಪಿನದಲ್ಲ. ಅದನ್ನೇ ಸರಿಯಾಗಿ ಮಾಡಿಸಿದರೆ ಸಾಕು. ಪೈಪು ಅಡ್ಡಕ್ಕೆ ಬಿರಿದಿದ್ದರೆ ಕೆಳಗೆ ಕಲ್ಲು ಇರಬಹುದು, ಇಲ್ಲವೇ ಮೇಲೆ ಭಾರದ ಗಾಡಿ ಓಡಾಡಿರಬಹುದು. ಉದ್ದಕ್ಕೆ ಸೀಳಿದ್ದರೆ ಒತ್ತಡ ಜಾಸ್ತಿಯಾಗಿರಬಹುದು, ಇಲ್ಲವೇ ಪೈಪು ಕಳಪೆ ಇರಬಹುದು. ವಾಲ್ವನ್ನು ಒಮ್ಮೆಗೇ ತಿರುಗಿಸಿ ಮುಚ್ಚಿದರೆ ಓಡುತ್ತಿದ್ದ ನೀರು ಸುತ್ತಿಗೆಯಂತೆ ಪೈಪಿಗೆ ಹೊಡೆಯುತ್ತದೆ. ಅಂಥ ಊರಿನಲ್ಲಿ ಹೊಸ ಪೈಪು ಹಾಕಿದರೂ ಒಡೆಯುತ್ತದೆ. ಅಲ್ಲಿ ಮೊದಲು ಬದಲಾಗಬೇಕಾದದ್ದು ವಾಲ್ವ್ ತಿರುಗಿಸುವ ರೀತಿ. ನಿಧಾನ ತೆರೆಯಬೇಕು, ನಿಧಾನ ಮುಚ್ಚಬೇಕು.

ನಮ್ಮ ಸಂಘದ ಪೈಪು ಪುಸ್ತಕ

ಉಳಿತಾಯದ ಪುಸ್ತಕ, ಸಾಲದ ಪುಸ್ತಕ ಬರೆಯಲು ನಮಗೆ ಬರುತ್ತದೆ. ಇನ್ನೊಂದು ನೋಟ್‌ಬುಕ್ ತೆಗೆಯಿರಿ. ಪೈಪು ಒಡೆದಾಗಲೆಲ್ಲ ಒಂದು ಸಾಲು ಬರೆಯಿರಿ:

1. ತಾರೀಖು.
2. ಎಲ್ಲಿ? ಯಾರ ಮನೆ ಮುಂದೆ, ಯಾವ ಲೈಟು ಕಂಬದ ಹತ್ತಿರ.
3. ದೊಡ್ಡ ಪೈಪೋ, ಮನೆಗೆ ಹೋಗುವ ಪೈಪೋ?
4. ಹೇಗೆ ಒಡೆದಿದೆ?
5. ರಿಪೇರಿಗೆ ಎಷ್ಟು ಖರ್ಚು?
6. ಎಷ್ಟು ಮನೆಗೆ, ಎಷ್ಟು ದಿನ ನೀರಿರಲಿಲ್ಲ?
7. ಆ ವಾರ ಆ ಬೀದಿಯಲ್ಲಿ ವಾಂತಿ-ಭೇದಿ, ಕಾಮಾಲೆ ಇತ್ತೇ?

ಓದು ಬಾರದವರು ಹಿಂದೆ ಉಳಿಯಬೇಕಿಲ್ಲ. ಸಂಘದ ಸಭೆಯಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಿ. ಟ್ಯಾಂಕು, ಬೀದಿ, ಚರಂಡಿ, ವಾಲ್ವ್ ಗುರುತಿಸಿ. ಒಡೆದ ಜಾಗಕ್ಕೆಲ್ಲ ಒಂದೊಂದು ಹುಣಸೆ ಬೀಜ ಇಡಿ. ಕಾಯಿಲೆ ಬಂದ ಮನೆಗೆ ಅವರೆಕಾಳು ಇಡಿ. ಬೀಜ ಮತ್ತು ಕಾಳು ಎಲ್ಲಿ ಒಟ್ಟಿಗೆ ಸೇರುತ್ತವೋ ಅಲ್ಲಿಂದಲೇ ಕೆಲಸ ಶುರುವಾಗಬೇಕು. ನಕ್ಷೆಯನ್ನು ಹಾಳೆಗೆ ಇಳಿಸಿಕೊಳ್ಳಿ.

ಸೋರಿಕೆಯನ್ನು ಕೊಡದಲ್ಲಿ ಅಳೆಯಿರಿ

ಸೋರುವ ಜಾಗದಲ್ಲಿ 15 ಲೀಟರಿನ ಕೊಡ ಹಿಡಿಯಿರಿ. ಮೂರು ನಿಮಿಷಕ್ಕೆ ತುಂಬಿತು ಅಂದುಕೊಳ್ಳಿ. ಅಂದರೆ ನಿಮಿಷಕ್ಕೆ 5 ಲೀಟರ್. ದಿನಕ್ಕೆ ಎರಡು ಗಂಟೆ, ಅಂದರೆ 120 ನಿಮಿಷ ನೀರು ಬಿಟ್ಟರೆ 600 ಲೀಟರ್ ಮಣ್ಣುಪಾಲು. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 55 ಲೀಟರ್ ಸಿಗಬೇಕು. ಈ ಒಂದು ತೂತು ಸುಮಾರು 11 ಜನರ ಪಾಲಿನ ನೀರು ಕುಡಿಯುತ್ತಿದೆ. "ಸ್ವಲ್ಪ ಸೋರ್ತಾ ಇದೆ" ಅಂದರೆ ಯಾರೂ ಕೇಳುವುದಿಲ್ಲ. "ಹನ್ನೊಂದು ಜನರ ನೀರು ಹೋಗ್ತಾ ಇದೆ" ಅಂದರೆ ಕೇಳುತ್ತಾರೆ.

ತೇಪೆಯೋ, ಹೊಸದೋ? ಬಡ್ಡಿ ಲೆಕ್ಕ

ಈಗ ಮುಖ್ಯ ಲೆಕ್ಕ. ಇಲ್ಲಿರುವ ದರಗಳು ಕಲಿಯುವುದಕ್ಕಾಗಿ ಮಾತ್ರ. ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಒಂದು ಬೀದಿಯ 200 ಮೀಟರ್ ಪೈಪು ಬದಲಿಸಲು, ಅಗೆತ, ಮನೆ ಜೋಡಣೆ ಎಲ್ಲ ಸೇರಿ 60,000 ರೂಪಾಯಿ ಎನ್ನೋಣ. 30 ವರ್ಷ ಬಾಳಿದರೆ ವರ್ಷಕ್ಕೆ 2,000 ರೂಪಾಯಿ ಸವೆತ. ಆದರೆ ಅಷ್ಟೇ ಅಲ್ಲ. ಆ ಹಣ ಬೇರೆ ಕಡೆ ದುಡಿಯಬಹುದಿತ್ತು. ನಮ್ಮ ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಅಂದರೆ, 60,000ಕ್ಕೆ ವರ್ಷಕ್ಕೆ 7,200. ಎರಡೂ ಸೇರಿ ಹೊಸ ಪೈಪಿನ ವರ್ಷದ ಭಾರ 9,200 ರೂಪಾಯಿ.

ಒಂದು ಸಲ ಒಡೆದರೆ ರಿಪೇರಿಗೆ ಕೂಲಿ, ಕಪ್ಲರ್, ಸಲ್ಯೂಷನ್ ಎಲ್ಲ ಸೇರಿ 1,800 ಎನ್ನೋಣ. ವರ್ಷಕ್ಕೆ ಐದು ಸಲ ಒಡೆದರೆ 9,000. ತೇಪೆಯೇ ಅಗ್ಗ. ಆರು ಸಲ ಒಡೆದರೆ 10,800. ಈಗ ಹೊಸ ಪೈಪೇ ಅಗ್ಗ.

ಇದು ಪಂಚಾಯ್ತಿ ಪುಸ್ತಕದ ಲೆಕ್ಕ. ಇದರಲ್ಲಿ ಒಂದು ಬಿಟ್ಟುಹೋಗಿದೆ. ಏನು ಹೇಳಿ? ನಮ್ಮ ದುಡಿಮೆ. ಪೈಪು ಒಡೆದಾಗ 20 ಮನೆಯ ಹೆಂಗಸರು ನೀರು ಹೊರುತ್ತಾರೆ. ಮನೆಗೆ ಬರೀ 50 ರೂಪಾಯಿ ಹಿಡಿದರೂ 1,000 ಆಯಿತು. ಅಂದರೆ ಒಂದು ಒಡೆತದ ನಿಜವಾದ ಬೆಲೆ 2,800. ಆಗ ವರ್ಷಕ್ಕೆ ಮೂರು ಸಲ ಒಡೆದರೆ 8,400, ತೇಪೆ ಸರಿ. ನಾಲ್ಕು ಸಲ ಒಡೆದರೆ 11,200, ಬದಲಿಸುವುದೇ ಸರಿ. ನಮ್ಮ ಬೆವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆರು ನಾಲ್ಕಕ್ಕೆ ಇಳಿಯುತ್ತದೆ. ನಾವು ಹೇಳದಿದ್ದರೆ ಈ ಸಾವಿರ ರೂಪಾಯಿಯನ್ನು ಯಾರೂ ಬರೆಯುವುದಿಲ್ಲ.

1979ರಲ್ಲಿ ಶಮೀರ್ ಮತ್ತು ಹೋವರ್ಡ್ ಎಂಬ ಇಬ್ಬರು ತಜ್ಞರು ಇದೇ ವಿಚಾರವನ್ನು ಗಣಿತದಲ್ಲಿ ತೋರಿಸಿದರು. ಪೈಪು ಹಳೆಯದಾದಂತೆ ಒಡೆತ ವರ್ಷವರ್ಷ ಏರುತ್ತದೆ, ರಿಪೇರಿ ಖರ್ಚು ಹೊಸ ಪೈಪಿನ ಖರ್ಚನ್ನು ದಾಟುವ ಹೊತ್ತೇ ಬದಲಿಸುವ ಹೊತ್ತು ಎಂದರು. ಅದಕ್ಕೇ ಒಂದು ವರ್ಷದ ಸಂಖ್ಯೆ ನೋಡಿ ತೀರ್ಮಾನಿಸಬೇಡಿ. ಎರಡು, ನಾಲ್ಕು, ಆರು ಅಂತ ಏರುತ್ತಿದ್ದರೆ ಪೈಪು ಜೀರ್ಣವಾಗುತ್ತಿದೆ. ಒಂದು ವರ್ಷ ಆರು ಒಡೆದು ಮುಂದಿನ ವರ್ಷ ಒಂದಾದರೆ, ಆ ವರ್ಷ ರಸ್ತೆ ಕೆಲಸದ ಜೆಸಿಬಿ ಬಂದಿತ್ತೇನೋ ನೋಡಿ.

ಲೆಕ್ಕಕ್ಕೆ ಕಾಯಬಾರದ ಸಂದರ್ಭ

ಹೊಲಸು ನೀರು ಸೇರುತ್ತಿದ್ದರೆ ಮೇಲಿನ ಲೆಕ್ಕ ಬದಿಗಿಡಿ. ಒಂದೇ ತೂತಿದ್ದರೂ ಅದು ತಕ್ಷಣದ ಕೆಲಸ. ಗುರುತಿಸುವುದು ಹೀಗೆ:

ಮೊದಲ ಕೊಡ ಕಂದು ಬಣ್ಣ ಅಥವಾ ವಾಸನೆ ಇರುವುದು. ನೀರು ನಿಂತಾಗ ನಲ್ಲಿ ಒಳಕ್ಕೆ ಎಳೆಯುವುದು. ಒಂದೇ ಬೀದಿಯಲ್ಲಿ ಕಾಯಿಲೆ ಕಾಣುವುದು.

ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಅವರು ಯಾರು, ಕಿಟ್ ಎಲ್ಲಿದೆ ಕೇಳಿ. ಕ್ಲೋರಿನ್ ಹಾಕಿದ ದಿನ ಟ್ಯಾಂಕಿನ ಹತ್ತಿರದ ನಲ್ಲಿಯಲ್ಲೂ ಕೊನೆಯ ಮನೆಯ ನಲ್ಲಿಯಲ್ಲೂ ಪರೀಕ್ಷಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಕೊನೆಯಲ್ಲೂ ಉಳಿದಿರಬೇಕು. ಮೊದಲ ನಲ್ಲಿಯಲ್ಲಿ ಇದ್ದು ಕೊನೆಯದರಲ್ಲಿ ಇಲ್ಲವಾದರೆ, ನಡುವೆ ಎಲ್ಲೋ ಕೊಳೆ ಅದನ್ನು ತಿನ್ನುತ್ತಿರಬಹುದು. ಎರಡರಲ್ಲೂ ಇಲ್ಲದಿದ್ದರೆ ಪೈಪನ್ನು ದೂರುವ ಮೊದಲು ಟ್ಯಾಂಕು ನೋಡಿ. ಕರಿ ಬಣ್ಣಕ್ಕೆ ತಿರುಗುವ ಬಾಟಲಿ ಪರೀಕ್ಷೆ (ಎಚ್2ಎಸ್) ಇದ್ದರೆ ಅದನ್ನೂ ಮಾಡಿ. ಕಪ್ಪಾದರೆ ಆ ನೀರನ್ನು ಹಾಗೇ ಕುಡಿಯಬೇಡಿ.

ಸರಿಹೋಗುವ ತನಕ ನೀರನ್ನು ಕೊತಕೊತ ಕುದಿಸಿ ಆರಿಸಿ ಕುಡಿಯಿರಿ. ಭೇದಿಯಾದ ಮಗುವಿಗೆ ಓಆರ್‌ಎಸ್ ಕೊಡಿ, ಎದೆಹಾಲು ನಿಲ್ಲಿಸಬೇಡಿ, ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ.

ಚರಂಡಿಯೊಳಗೆ ಹಾದ ಮನೆ ಪೈಪುಗಳನ್ನು ಎತ್ತಿ ಚರಂಡಿಯ ಮೇಲಿಂದ ತರುವುದು ಇಡೀ ಬೀದಿ ಬದಲಿಸುವುದಕ್ಕಿಂತ ಬಹಳ ಕಡಿಮೆ ಖರ್ಚಿನ ಕೆಲಸ. ನಮ್ಮ ಆ ಊರಿನಲ್ಲಿ ಮೊದಲೇ ಇಷ್ಟು ಮಾಡಿದ್ದರೆ ಆ ತಾಯಿಯ ಓಲೆ ಕಿವಿಯಲ್ಲೇ ಇರುತ್ತಿತ್ತು.

ಗ್ರಾಮ ಸಭೆಗೆ ಹೋಗುವಾಗ

ಕಾನೂನಿನ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಜಲ ಜೀವನ್ ಮಿಷನ್ ಮಾರ್ಗಸೂಚಿ ಹೇಳುತ್ತದೆ. ಪಿಡಿಓ ಅವರಿಗೆ ಅರ್ಜಿ ಕೊಡುವಾಗ ನಕ್ಷೆ, ಪುಸ್ತಕದ ನಕಲು, ಒಡೆದ ತುಂಡು ಜೊತೆಗಿರಲಿ. ಬೇಡಿಕೆಯನ್ನು ಮೂರು ಭಾಗ ಮಾಡಿ: ಈಗಲೇ ಆಗಬೇಕಾದದ್ದು, ಈ ವರ್ಷದ ಕ್ರಿಯಾ ಯೋಜನೆಗೆ ಸೇರಬೇಕಾದದ್ದು, ಸದ್ಯಕ್ಕೆ ತೇಪೆ ಹಾಕಿ ಕಣ್ಣಿಡಬೇಕಾದದ್ದು. ಎಲ್ಲವನ್ನೂ ಕೇಳಿದರೆ ಯಾವುದೂ ಆಗದೆ ಹೋಗಬಹುದು. ಅರ್ಜಿಗೆ ಸ್ವೀಕೃತಿ ಪಡೆಯಿರಿ.

ಹೊಸ ಪೈಪು ಬಂದ ದಿನ ಮನೆಯಲ್ಲಿ ಕೂರಬೇಡಿ. ಇಷ್ಟು ನೋಡಿ: ಪೈಪಿನ ಮೇಲೆ ಐಎಸ್‌ಐ ಗುರುತು ಇದೆಯೇ? (ಪಿವಿಸಿಗೆ ಐಎಸ್ 4985, ಎಚ್‌ಡಿಪಿಇಗೆ ಐಎಸ್ 4984 ಅಂತ ಅಚ್ಚಾಗಿರುತ್ತದೆ.) ಪೈಪಿನ ಮೇಲೆ ಸುಮಾರು ಮೂರು ಅಡಿ ಮಣ್ಣು ಬರುವಷ್ಟು ಆಳ ಇದೆಯೇ? ಕೆಳಗೆ ಕಲ್ಲು ತೆಗೆದು ಮರಳು ಅಥವಾ ನಯ ಮಣ್ಣು ಹಾಕಿದ್ದಾರೆಯೇ? ಚರಂಡಿಯಿಂದ ದೂರ ಇದೆಯೇ? ಮುಚ್ಚುವ ಮೊದಲು ನೀರು ಬಿಟ್ಟು ಒತ್ತಡ ಪರೀಕ್ಷೆ ಮಾಡಿದರೇ? ಕೊನೆಗೆ ಹಳೇ ಪೈಪನ್ನು ಕಡಿದು ಬಾಯಿ ಮುಚ್ಚಿದರೇ? ಹಳೆಯದು ಹೊಸದಕ್ಕೆ ಜೋಡಿಕೊಂಡೇ ಉಳಿದರೆ ಹಳೇ ಹೊಲಸು ಹೊಸ ಪೈಪಿಗೆ ಬರುತ್ತದೆ.

ಈಚಿನ ವರ್ಷಗಳಲ್ಲಿ ಹೊಸ ಪೈಪು ಬಂದ ಊರಿನವರು "ನಮಗೆ ಈ ಪಾಠ ಬೇಡ" ಅನ್ನಬೇಡಿ. ನಿಮಗೇ ಇದು ಹೆಚ್ಚು ಸುಲಭ. ಪೈಪು ಹೂತ ದಿನದಿಂದಲೇ ಪುಸ್ತಕ ಶುರು ಮಾಡಬಹುದು. ನಿಮ್ಮ ಸೊಸೆ, ಮೊಮ್ಮಗಳು ಗ್ರಾಮ ಸಭೆಯಲ್ಲಿ ನಿಂತಾಗ ಇಂಜಿನಿಯರು ಕೇಳುವ ಪ್ರಶ್ನೆಗೆ ಅವರ ಕೈಯಲ್ಲಿ ಉತ್ತರ ಇರುತ್ತದೆ.

ಸಭೆಯಲ್ಲಿ ಚರ್ಚಿಸಿ

1. ಕಳೆದ ಒಂದು ವರ್ಷದಲ್ಲಿ ನಮ್ಮ ಬೀದಿಯ ಪೈಪು ಎಷ್ಟು ಸಲ, ಎಲ್ಲೆಲ್ಲಿ ಒಡೆಯಿತು?
2. ನಮ್ಮಲ್ಲಿ ಯಾರ ಮನೆಯ ಪೈಪು ಚರಂಡಿಯೊಳಗೆ ಹಾದಿದೆ?
3. ನಲ್ಲಿಗೆ ಮೋಟಾರ್ ಹಚ್ಚುವವರು ನಮ್ಮ ಸಂಘದಲ್ಲೇ ಇದ್ದಾರೆಯೇ? ಅವರೊಂದಿಗೆ ಜಗಳವಿಲ್ಲದೆ ಮಾತಾಡುವುದು ಹೇಗೆ?
4. ಪೈಪು ಒಡೆದ ದಿನ ನಮ್ಮ ಮನೆಗೆ ಆಗುವ ನಷ್ಟ ಎಷ್ಟು ರೂಪಾಯಿ?

ಈ ತಿಂಗಳ ಕೆಲಸ

ಪೈಪು ಪುಸ್ತಕಕ್ಕೆ ಇಬ್ಬರನ್ನು ಆರಿಸಿ. ರಂಗೋಲಿ ನಕ್ಷೆ ಬಿಡಿಸಿ. ಬಿಡಿಸುವಾಗ ಮೂಲೆಯಲ್ಲಿ ಸುಮ್ಮನೆ ಕೂತ ಅಜ್ಜಿಯನ್ನು ಮೊದಲು ಕೇಳಿ. ನಾನು ಕೇಳದೆ ಕೆಟ್ಟೆ, ನೀವು ಹಾಗೆ ಮಾಡಬೇಡಿ. ಮುಂದಿನ ತಿಂಗಳ ಒಕ್ಕೂಟದ ಸಭೆಗೆ ನಕ್ಷೆಯನ್ನು ತನ್ನಿ, ಒಟ್ಟಿಗೆ ಕೂತು ನೋಡೋಣ.